ಕಾರಂಜಿಯಲ್ಲಿ ನೆನೆದ ಸೆರಗು

ಗೆಳತಿಯರೇ, ಇವತ್ತು ಚಕ್ಕಡಿಯಲ್ಲಿ ಹೋಗಿ ಬಾಗಲಕೋಟೆಯ ಹೊರಗಿನ ತೋಟದಲ್ಲಿ ಕಾರಂಜಿ ನೋಡಿ ಬಂದೆ! ಎಂಥ ಚೆಂದ ಅಂತೀರಿ! ಆದರೆ ಅಲ್ಲಿ ಕಾಲಿಟ್ಟಾಗಿನಿಂದ ನಮ್ಮತ್ತೆ ನನ್ನ ಮೊಣಕೈ ಬಿಡಲೇ ಇಲ್ಲ.

“ನೀರಿನ ಹತ್ರ ಹೋಗಬ್ಯಾಡ. ದೂರ ನಿಂತು ನೋಡು.”

ಯಾಕಿರಬಹುದು? ಹೊಸ ಸೊಸೆ ಎಲ್ಲರೆದುರು ಗಂಡನ ಮೇಲೆ ನೀರು ಎರಚಿಯಾಳು ಎಂಬ ಭಯವೇ? ನನಗೆ ಅನುಮಾನ ತಡೆಯಲಾಗಲಿಲ್ಲ. ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಾಗ ಕೈ ಬಿಡಿಸಿಕೊಂಡು ಓಡಿ, ತುಂತುರಿನಲ್ಲಿ ನಿಂತೇಬಿಟ್ಟೆ.

ಆಹಾ, ಎಂಥ ತಂಪು! ಕಣ್ಣು ತೆರೆದರೆ, ನನ್ನ ಮದುವೆಯ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ನೀರು ತೋಳಿಗಿಳಿಯುತ್ತಿದೆ. ನಮ್ಮ ಮನೆಯ ಮಗ್ಗದಲ್ಲೇ ನೇಯ್ದ ಸೀರೆ, ಹೊಸ ವಿಲಾಯತಿ ಬಣ್ಣ. ಎದುರಿಗೇ ಸಾವಕಾರರ ಹೆಂಡತಿ. ಮಗಳ ಮದುವೆಯ ಸೀರೆಗಳನ್ನೆಲ್ಲ ನಮ್ಮಲ್ಲೇ ನೇಯಿಸುತ್ತೇವೆಂದು ನಿನ್ನೆಯಷ್ಟೇ ಮಾತು ಕೊಟ್ಟವರು.

“ಏನ್ರಿ ಇದು? ಪಕ್ಕಾ ಬಣ್ಣ ಅಂದಿದ್ರಿ?”

ಅತ್ತೆ ಕಣ್ಣು ಮಿಟುಕಿಸದೆ ಹೇಳಿದರು: “ಬಣ್ಣ ಅಲ್ರಿ, ಕುಂಕುಮ. ನಮ್ಮ ಸೊಸಿಗೆ ಕುಂಕುಮ ಅಂದ್ರ ಭಾಳ ಹುಚ್ಚು.”

“ಹೌದ್ರಿ, ಖರೇನ” ಎಂದೆ ನಾನು.

ಸಾವಕಾರರ ಹೆಂಡತಿ ನನ್ನ ಸೆರಗಿನ ತುದಿ ಹಿಂಡಿದರು. ಅಂಗೈ ಕೆಂಪಾಯಿತು.

“ಸೆರಗಿಗೂ ಹಚ್ಕೋತೀ ಏನವಾ ಕುಂಕುಮ?”

ಆಮೇಲೆ ಆಕೆ ಮದುವೆ ಸೀರೆಯ ಮಾತನ್ನು ಎತ್ತಲೇ ಇಲ್ಲ.

ಅತ್ತೆಯ ಅನುಮಾನ ನನ್ನ ಮೇಲಲ್ಲ, ಸೀರೆಯ ಮೇಲೆ ಇತ್ತು, ಗೆಳತಿಯರೇ! ನನಗೆಷ್ಟು ಸಮಾಧಾನವಾಯಿತೆಂದರೆ, ಊಟಕ್ಕೆ ಮನೆಯವರೆಲ್ಲ ಮುಖ ಬಾಡಿಸಿಕೊಂಡು ಕೂತಿರುವಾಗ ನಾನೊಬ್ಬಳೇ ಎರಡು ಸಲ ಹುಗ್ಗಿ ಬಡಿಸಿಕೊಂಡೆ.