ಅಮೀನರು ಬಿಟ್ಟುಹೋದ ಮಿಷಿನ್

ಆ ದಿನ ನಾನು ನಿಂತಿದ್ದದ್ದು ಹೊನ್ನಾಳಿಯಲ್ಲಿ, ಬಳೆ ಅಂಗಡಿಯ ಕಟ್ಟೆಯ ಕೆಳಗೆ, ಬೆಳಗಿನ ಹನ್ನೊಂದರ ಹೊತ್ತಿಗೆ. ನಿನ್ನೆ ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಡುವಾಗ ಅದರ ವಾಸನೆಗೆ ಆ ಬೆಳಗು ಮತ್ತೆ ಎದುರು ಬಂದು ನಿಂತಿತು...

ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವನಲ್ಲ, ಒಂದೇ ಮಾಲೀಕರ ಟೈಲರ್ ಅಂಗಡಿಯಲ್ಲಿ ಪಕ್ಕಪಕ್ಕ ಕೂತು ಕೂಲಿಗೆ ಹೊಲಿಯುತ್ತಿದ್ದೆವು. ಒಮ್ಮೆ ಕರಿಕೋಟಿನ ಅಳತೆ ಕೊಡಲು ಬಂದ ವಕೀಲರನ್ನು, ಅವರ ಭುಜದ ಮೇಲೆ ಟೇಪು ಹಿಡಿದುಕೊಂಡೇ, ಅವನು ಕೇಳಿದ: "ಸಾರ್, ಸ್ವಂತ ಅಂಗಡಿ ಇಟ್ಟು ಮುಳುಗಿದ್ರೆ ಜೈಲಿಗೆ ಹಾಕ್ತಾರಾ?"

"ಮೋಸ ಮಾಡಿಲ್ಲ ಅಂದ್ರೆ ಯಾಕೆ ಹಾಕ್ತಾರೋ? ದಿವಾಳಿ ಅರ್ಜಿ ಹಾಕಾಕೆ ಕಾನೂನೈತೆ. ನೀನು ಕೂತು ಹೊಲಿಯೋ ಮಿಷಿನ್ನ ಕೋರ್ಟೂ ಮುಟ್ಟಂಗಿಲ್ಲ. ಕೈಕಸುಬಿನ ಸಾಮಾನು ಅದು."

ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಅವನು ಸಾಲ ಎತ್ತಿ ಅಂಗಡಿ ಇಡಲು ಹೊರಟ, ನನ್ನನ್ನೂ ಕರೆದ.

"ಬಾರೋ ತಮ್ಮ, ಇಬ್ರೂ ಸೇರಿ ಮಾಡಾಣ. ಹೋದ್ರೆ ಏನ್ ಹೋಗ್ತೈತೆ?"

"ಮಾನ ಹೋಗ್ತೈತೆ" ಎಂದೆ.

"ಅದನ್ನ ಜಪ್ತಿ ಮಾಡಾಕೆ ಯಾವ ಕೋರ್ಟಿನ ಅಮೀನನೂ ಬರಲ್ಲ ಬಿಡೋ!"

ನಾನು ಹೋಗಲಿಲ್ಲ, ಅವನೊಬ್ಬನೇ ಅಂಗಡಿ ಇಟ್ಟ. ಚನ್ನಗಿರಿ, ನ್ಯಾಮತಿ ಕಡೆಯ ಶಾಲೆಗಳ ಯೂನಿಫಾರಂ ಆರ್ಡರುಗಳು ಅವನಿಗೇ ಬಂದವು. ಅವನ ಬೋರ್ಡು ಕಣ್ಣಿಗೆ ಬೀಳಬಾರದೆಂದು ನಾನು ಊಟಕ್ಕೆ ಬೇರೆ ಬೀದಿ ಬಳಸಿ ಹೋಗುತ್ತಿದ್ದೆ. ಆಮೇಲೆ ಶಾಲೆಗಳು ರೆಡಿಮೇಡ್ ಕೊಂಡವು. ಅವನು ಮುಳುಗಿದ.

ಕೋರ್ಟಿನ ಅಮೀನರು ಜಪ್ತಿಗೆ ಬಂದ ದಿನ, ಅರ್ಧ ಹೊಲಿದ ಪ್ಯಾಂಟು ಬಿಟ್ಟು ನಾನು ನೋಡಲೆಂದೇ ಹೋಗಿ ಅವನ ಅಂಗಡಿಯ ಎದುರಿನ ಬಳೆ ಅಂಗಡಿಯ ಕೆಳಗೆ ನಿಂತೆ. ಗಾಜಿನ ಬೀರು ಹೋಯಿತು. ಬಟ್ಟೆಯ ಥಾನುಗಳು, ಹೊಸ ಮಿಷಿನ್‌ಗಳು ಹೋದವು. ಅವನು ಕೂತು ಹೊಲಿಯುತ್ತಿದ್ದ ಹಳೆಯದೊಂದನ್ನು ಬಿಟ್ಟರು. ಅವನು ಅಳುತ್ತಾನೆಂದು ಕಾದೆ... ಅವನು ಅದನ್ನು ಜಗಲಿಗೆ ಎಳೆದುಕೊಂಡು ಕೂತ.

"ಸಾಹೇಬ್ರೆ, ನಿಮ್ಮ ಅಂಗಿ ಜೇಬು ಹರಿದೈತೆ, ಬಿಚ್ಚಿ ಕೊಡ್ರಿ. ಇವತ್ತಿನ ಬೋಣಿ ನಿಮ್ದೇ!"

ಅಮೀನರು ನಗುತ್ತ ಬನಿಯನ್ನಿನಲ್ಲಿ ನಿಂತರು. ಬೀದಿಯೆಲ್ಲ ನಕ್ಕಿತು. ಗೆದ್ದಾಗಿನ ಅವನನ್ನು ಹೇಗೋ ಸಹಿಸಿದ್ದೆ. ಬಿದ್ದೂ ಹಾಗೆ ಕೂತವನನ್ನು ಸಹಿಸಲಾಗಲಿಲ್ಲ.

ದಿವಾಳಿ ಅರ್ಜಿಯ ಕೋರ್ಟು ಕೆಲಸ ಮುಗಿದ ಮೇಲೆ ಅವನು ಜಗಳೂರಿನಲ್ಲಿ ಇನ್ನೊಂದು ಅಂಗಡಿ ಇಟ್ಟ. ಹೋದ ವರ್ಷ ತೀರಿಕೊಂಡ. ನಾನು ಇಂದಿಗೂ ಮಾಲೀಕರ ಮಿಷಿನ್ನಿನಲ್ಲೇ ಹೊಲಿಯುತ್ತಿದ್ದೇನೆ. ನಾಳೆ ಯಾವ ಅಮೀನರು ಬಂದರೂ ಬಿಟ್ಟುಹೋಗಲು ನನ್ನದೆಂಬುದು ಒಂದೂ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಇನ್ನೂ ಇದೆ, ಪಡಲು ಅವನಿಲ್ಲ.

ಅಮೀನರೂ ಈಗಿಲ್ಲ. ಆ ಬೆಳಗನ್ನು ಕಂಡವರಲ್ಲಿ ನನಗೆ ಗೊತ್ತಿರುವಂತೆ ಉಳಿದಿರುವುದು ನಾನು ಮತ್ತು ಬಳೆ ಅಂಗಡಿಯ ಅಕ್ಕ. ಎಲ್ಲರೂ ನಗುವಾಗ ಅವಳು ಮಾತ್ರ ನನ್ನ ಮುಖ ನೋಡುತ್ತಿದ್ದಳು.