ಸುಚೇತಾಳ ಅಪ್ಪ

ಕ್ಲಿಯರ್ ಲೇಕ್ ಊರಿನ ಎಂಜಿನಿಯರ್ ರಘೂತ್ತಮರ ಪಕ್ಕ ಕೂತು ಕಾರ್ ರೇಸ್ ನೋಡುವುದೆಂದರೆ ಅವರ ಮಾತು ಕೇಳುವುದು. ಮಗಳು ಸುಚೇತಾ ಆಸ್ಟಿನ್ನಿನ ಟ್ರ್ಯಾಕಿನಲ್ಲಿ ಓಡಿಸುವುದು ಷೋರೂಮಿನಲ್ಲಿ ಸಿಗುವ ಸ್ಪೋರ್ಟ್ಸ್ ಕಾರನ್ನೇ ಎಂದು ಯಾರಾದರೂ ಅಂದರೆ ಮುಗಿಯಿತು. "ಹೊರಗಿನ ಆಕಾರ ಮಾತ್ರ ಅದು ಕಣ್ರೀ. ಒಳಗೆ ಕಾರ್ಪೆಟ್ ಇಲ್ಲ, ಎಸಿ ಇಲ್ಲ, ಏರ್‌ಬ್ಯಾಗೂ ಇಲ್ಲ. ಅದರ ಬದಲು ಡ್ರೈವರ್ ಸುತ್ತ ಉಕ್ಕಿನ ಪಂಜರ, ಭುಜ ಸೊಂಟ ಎಲ್ಲಾ ಬಿಗಿಯೋ ಬೆಲ್ಟು, ಬೆಂಕಿ ಆರಿಸೋ ಸಿಲಿಂಡರು" ಎಂದು ಶುರುಮಾಡಿ ಬ್ರೇಕು, ಟೈರುಗಳವರೆಗೂ ಹೋಗುತ್ತಾರೆ. ಕೈಗೆ ಕೊಟ್ಟ ಸಮೋಸ ಕೈಯಲ್ಲೇ ತಣ್ಣಗಾಗುತ್ತದೆ. ಹೆಂಡತಿ ನಿರುಪಮಾ "ಸ್ವಲ್ಪ ಉಸಿರು ತಗೊಳ್ಳಿ" ಅಂದರೂ ಕೇಳಿಸುವುದಿಲ್ಲ. ಮಗಳ ಕಾರು ತಿರುವಿಗೆ ಬಂದಾಗಲೆಲ್ಲ ಮಾತಿನ ವೇಗ ಏರುತ್ತದೆ, ಕಣ್ಣು ಮಾತ್ರ ನೆಲ ನೋಡುತ್ತಿರುತ್ತದೆ. ಕಳೆದ ಭಾನುವಾರ ಹಿಂದಿನಿಂದ ಇನ್ನೊಂದು ಕಾರು ತಗುಲಿ ಸುಚೇತಾಳ ಕಾರು ಉರುಳುತ್ತ ಹೋಗಿ ತಲೆಕೆಳಗಾಗಿ ನಿಂತಿತು. ರಘೂತ್ತಮರ ಮಾತು ಅರ್ಧಕ್ಕೇ ನಿಂತಿತು. ಧೂಳು ಇಳಿಯುವವರೆಗೆ ನಿರುಪಮಾ ಪಕ್ಕದಲ್ಲಿ ಕೂತಿದ್ದ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಕೊನೆಗೆ ಕಿಟಕಿಯಿಂದ ತೆವಳಿ ಹೊರಬಂದ ಹುಡುಗಿ ಎದ್ದು ನಿಂತು ಕೈ ಎತ್ತಿದಳು. ದೊಡ್ಡ ಪರದೆಯ ಮೇಲೆ ಕಾರು ಕಾಣಿಸಿತು. ಚಾವಣಿಯ ತಗಡು ಜಜ್ಜಿಹೋಗಿತ್ತು, ಪಂಜರ ಬಾಗಿರಲಿಲ್ಲ. "ಪಂಜರ ಮಾಡಿದೋರು ಯಾರೋ ಗಟ್ಟಿಯಾಗೇ ಮಾಡಿದಾರೆ" ಎಂದೆ. ರಘೂತ್ತಮರು ಪರದೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ನಮ್ಮ ಗರಾಜಲ್ಲಿ ನಾನೇ ವೆಲ್ಡ್ ಮಾಡಿದ್ದು. ಅವಳು ಒಳಗೆ ಕೂತಾಗಲೆಲ್ಲ, ಎಲ್ಲೋ ಒಂದು ಕಡೆ ಬೆಸುಗೆ ಸರಿಯಾಗಿ ಕೂಡಿಲ್ಲ ಅನ್ನಿಸ್ತಿತ್ತು."