ಕ್ರಮೇಣಪ್ಪ ಓಡಿದ ದಿನ

ನನ್ನ ಅಕ್ಕನ ಗಂಡ ಬಿರುಕು ನೋಡಿ ಸಂಬಳ ತೆಗೆದುಕೊಳ್ಳುವ ಮನುಷ್ಯ. ತಮಾಷೆಯಲ್ಲ, ಸರ್ಕಾರಿ ಆದೇಶವಿದೆ. ಹಳೇ ಕಟ್ಟಡಗಳ ಗೋಡೆ ಎಲ್ಲಿ ಸೀಳಿದೆಯೋ ಅಲ್ಲಿಗೆ ಹೋಗಿ, ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಬೇಕು. ಗಾಜು ಒಡೆದರೆ ಗೋಡೆ ಮಿಸುಕಿದೆ ಎಂದು ಅರ್ಥ. ಒಡೆಯದಿದ್ದರೆ ಮುಂದಿನ ಸೋಮವಾರ ಮತ್ತೆ ಬಂದು ನೋಡಬೇಕು. ಹೀಗೆ ಸೋಮವಾರಗಳನ್ನು ಎಣಿಸುತ್ತಾ ಭಾವನ ತಲೆಗೂದಲು ನೆರೆತಿದೆ.

ಇಂಥ ಕೆಲಸಕ್ಕೆ ಅವರೇ ಸರಿ. ಭಾವ ಊಟ ಮುಗಿಸಿ ಏಳುವಷ್ಟರಲ್ಲಿ ಅಕ್ಕ ಮುಂದಿನ ಹೊತ್ತಿನ ತರಕಾರಿ ಹೆಚ್ಚಿಟ್ಟಿರುತ್ತಾಳೆ. ಅವರ ಮದುವೆಯೂ ಹಾಗೇ ಆಯಿತು. ಅಪ್ಪನ ಸರ್ಕಾರಿ ಮನೆಯ ಅಡುಗೆಮನೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಈ ಪುಣ್ಯಾತ್ಮರು ಗಾಜು ಅಂಟಿಸಿ, ಹನ್ನೊಂದು ತಿಂಗಳು ಪ್ರತಿ ಸೋಮವಾರ ಬಂದು ನೋಡಿದರು. ಗೋಡೆ ಅಲುಗಲಿಲ್ಲ, ಗಾಜು ಒಡೆಯಲಿಲ್ಲ. ಕೊನೆಗೆ ಅಮ್ಮನೇ ತಡೆಯಲಾರದೆ, "ಏನಪ್ಪಾ, ನೀನು ನೋಡೋಕೆ ಬರ್ತಿರೋದು ಗೋಡೇನೋ, ನನ್ನ ಮಗಳನ್ನೋ?" ಎಂದು ಕೇಳಿಬಿಟ್ಟಳು. ಭಾವ ಯೋಚಿಸಿ ಹೇಳುತ್ತೇನೆಂದು ಹೋದವರು ಮುಂದಿನ ಸೋಮವಾರ ಬಂದು ಉತ್ತರ ಕೊಟ್ಟರು.

ಇಲಾಖೆಯಲ್ಲಿ ಅವರಿಗೆ ಕ್ರಮೇಣಪ್ಪ ಎಂದು ಹೆಸರು. ಅವರ ವರದಿಗಳಲ್ಲಿ ಆ ಪದ ಹೇರಳವಾಗಿ ಬರುತ್ತಿತ್ತು. ಅದನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ, ಏಕೆಂದರೆ ಆ ವರದಿಗಳನ್ನು ಟೈಪ್ ಮಾಡುತ್ತಿದ್ದವಳು ನಾನೇ. ದಾಖಲೆ ಕಚೇರಿಯ ಕೆಳಗಿನ ಕೋಣೆಯಲ್ಲಿ ನನ್ನ ಮೇಜು. ಮೇಲಿನ ಮಹಡಿಯಲ್ಲಿ ನೆಲದಿಂದ ಸೂರಿನ ತನಕ ಕಡತಗಳು. ಆ ಭಾರಕ್ಕೆ ನನ್ನ ಬೆನ್ನ ಹಿಂದಿನ ಗೋಡೆ ಹನ್ನೊಂದು ವರ್ಷಗಳಿಂದ ಸೀಳುತ್ತಿತ್ತು. ಗೋಡೆ ಸೀಳುತ್ತಿದೆಯೆಂದು ಭಾವ ಬರೆದ ವರದಿಗಳೂ, ತಲಾ ಮೂರು ಪ್ರತಿಯಂತೆ, ಅದೇ ಮಹಡಿಗೆ ಹೋಗಿ ಕೂತು ತಮ್ಮ ಕೈಲಾದಷ್ಟು ಭಾರ ಹಾಕುತ್ತಿದ್ದವು.

ನಮ್ಮ ಸಾಹೇಬರು ಕೆಟ್ಟವರಲ್ಲ. ಭಾಷಾಭಿಮಾನಿಗಳು, ಅಷ್ಟೇ. ವರದಿಯನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. "ಕ್ರಮೇಣ! ಎಂಥಾ ಪದ ನೋಡಮ್ಮ. ಗಾಬರೀನೂ ಇಲ್ಲ, ನಿರ್ಲಕ್ಷ್ಯಾನೂ ಇಲ್ಲ" ಎಂದು ಮೆಚ್ಚಿ, 'ಗಮನಿಸಲಾಗಿದೆ' ಎಂದು ಬರೆದು ಸಹಿ ಹಾಕುತ್ತಿದ್ದರು. ಅವರ ಲೆಕ್ಕದಲ್ಲಿ ಕ್ರಮೇಣ ಆಗುವುದೆಲ್ಲ ಅವರು ನಿವೃತ್ತರಾದ ಮೇಲೆ ಆಗುವಂಥದ್ದು.

ಸಾಹೇಬರಿಗೂ ನನಗೂ ಗೊತ್ತಿರದ ಸಂಗತಿಯೊಂದಿತ್ತು. ಭಾವನ ಪಾಲಿಗೆ ಅವು ಬರೀ ಪದಗಳಲ್ಲ, ಅಳತೆಗಳು. ಡೈರಿಯ ಕೊನೆಯ ಹಾಳೆಯಲ್ಲಿ ಅಚ್ಚುಕಟ್ಟಾಗಿ ಪಟ್ಟಿ ಮಾಡಿಕೊಂಡಿದ್ದರು. ವರ್ಷಕ್ಕೊಂದು ಕೂದಲೆಳೆ ಅಗಲವಾದರೆ 'ತುಸುತುಸುವೇ'. ಆರು ತಿಂಗಳಿಗೆ ಅಷ್ಟಾದರೆ 'ನಿಧಾನವಾಗಿ'. ತಿಂಗಳಿಗೆ ಅಷ್ಟಾದರೆ 'ಕ್ರಮೇಣ'. ಅದಕ್ಕೂ ಮೇಲೆ ಒಂದೇ ಪದ, 'ದಿನೇ ದಿನೇ'. ಅದರ ಮುಂದೆ ಕೆಂಪು ಶಾಯಿಯಲ್ಲಿ 'ತಕ್ಷಣ ಖಾಲಿ ಮಾಡಿಸುವುದು' ಎಂದಿತ್ತು. ಈ ಪಟ್ಟಿಯನ್ನು ಅವರು ಯಾರಿಗೂ ತೋರಿಸಿರಲಿಲ್ಲ. ಕನ್ನಡ ಬಲ್ಲವರಿಗೆಲ್ಲ ತಾನಾಗಿ ತಿಳಿಯುತ್ತದೆ ಎಂದುಕೊಂಡಿದ್ದರಂತೆ. ಅವರ ತಲೆಗಿಷ್ಟು ಎಂದು ಬೈಯಬೇಕೆನಿಸುತ್ತದೆ.

ಆ ಸೋಮವಾರ ಭಾವ ಬಂದಾಗ ಗೋಡೆಗೆ ಅಂಟಿಸಿದ್ದ ಎರಡು ಗಾಜುಗಳಲ್ಲಿ ನನ್ನ ಬೆನ್ನ ಹಿಂದಿನದು ಎರಡು ತುಂಡಾಗಿತ್ತು. ತುಂಡುಗಳ ನಡುವೆ ಉಗುರು ತೂರಿಸಿ ನೋಡಿದರು. ಹೆಬ್ಬೆರಳಿನ ಉಗುರೂ ತೂರಿತು. ಒಂದು ಮಾತಾಡದೆ ಮೂಲೆಯ ಸ್ಟೂಲಿನ ಮೇಲೆ ಕೂತು ವರದಿ ಬರೆದರು. ಬಾಯಲ್ಲಿ ಹೇಳಿದ್ದಕ್ಕೆ ನೋಂದಣಿ ಸಂಖ್ಯೆ ಇರುವುದಿಲ್ಲ ಎಂಬುದು ಅವರ ಸಿದ್ಧಾಂತ. ಹೊರಡುವಾಗ ಮಾತ್ರ, "ಸಂಜೆ ಹೋಗೋವಾಗ ನಿನ್ನ ಛತ್ರಿ, ಊಟದ ಡಬ್ಬಿ ಎಲ್ಲಾ ತಗೊಂಡು ಹೋಗಮ್ಮ" ಎಂದರು. ಅಚ್ಚುಕಟ್ಟಿನ ಬಗ್ಗೆ ಅವರು ಸದಾ ಕೊರೆಯುವುದಿದ್ದೇ ಇದೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವರದಿಯಲ್ಲಿ 'ಬಿರುಕು ದಿನೇ ದಿನೇ ಅಗಲವಾಗುತ್ತಿದೆ' ಎಂದಿತ್ತು. ಸಾಹೇಬರು ಮೂಗು ಮುರಿದರು. "ಇದೇನಮ್ಮ, ಪತ್ರಿಕೆಯವರ ಭಾಷೆ! ಮೇಲಿನೋರು ಓದಿದ್ರೆ ಏನಂದ್ಕೋತಾರೆ? ಕ್ರಮೇಣ ಅಂತ ಹಾಕು, ಘನವಾಗಿರುತ್ತೆ."

ಹಾಕಿದೆ. ನನಗೂ ಅದೇ ಚೆನ್ನಾಗಿದೆ ಅನ್ನಿಸಿತು. ಆ ಗೋಡೆಗೆ ಬೆನ್ನು ಕೊಟ್ಟು ಕೂತು, ನನ್ನ ಕೈಯಾರೆ ಆ ಪದ ಅಳಿಸಿ ಈ ಪದ ಹಾಕಿದೆ.

ಬುಧವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ನಾನು ಮಹಿಳೆಯರ ಹಾಸ್ಟೆಲಿನಲ್ಲಿರುವುದರಿಂದ ನಮ್ಮ ಮಾತುಕತೆಯೆಲ್ಲ ಫೋನಿನಲ್ಲೇ.

"ಏನೇ, ಅಷ್ಟೊಂದು ಕೊಬ್ಬಾ ನಿಂಗೆ? ರಜಾ ಇದ್ದೂ ನಿನ್ನೆ ಮನೆಗೆ ಬರಲಿಲ್ಲ. ನಿಂಗೂ ಸೇರಿಸಿ ಅಡುಗೆ ಮಾಡಿದ್ದೆ."

"ಯಾವ ರಜಾನೇ?"

"ನಿಮ್ಮ ಆಫೀಸ್ ಖಾಲಿ ಮಾಡಿಸಿದಾರಲ್ಲ, ನಿಮ್ಮ ಭಾವ ಹೇಳಿದ್ರು."

"ನಾನು ಆಫೀಸಲ್ಲೇ ಕೂತಿದೀನಿ ಕಣೇ."

ಅಕ್ಕ "ರೀ!" ಎಂದು ಭಾವನನ್ನು ಕೂಗುತ್ತಾ ಫೋನ್ ಇಟ್ಟಳು. ನನಗೆ ಏನೂ ಅರ್ಥವಾಗಲಿಲ್ಲ. ಕಾಲು ಗಂಟೆ ಕಳೆದಿರಬೇಕು, ಕಿಟಕಿ ಪಕ್ಕದ ಗುಮಾಸ್ತ, "ಅಯ್ಯೋ, ಇಲ್ನೋಡ್ರೋ!" ಎಂದು ಕೂಗಿದ.

ಭಾವ ಓಡಿ ಬರುತ್ತಿದ್ದರು. ರಸ್ತೆಯ ಆ ತುದಿಯಿಂದ, ಒಂದು ಚಪ್ಪಲಿ ಎಲ್ಲೋ ಬಿಟ್ಟು, ಅಂಗಿಯ ಜೇಬಿನಿಂದ ಪೆನ್ಸಿಲುಗಳನ್ನು ಉದುರಿಸುತ್ತಾ, ಸೋಮವಾರವಲ್ಲದ ದಿನ! ಈ ಮನುಷ್ಯ ಬಸ್ಸು ತಪ್ಪಿದಾಗಲೂ ಓಡಿದವರಲ್ಲ, ಮಗಳು ಹುಟ್ಟಿದಳೆಂದು ಸುದ್ದಿ ಬಂದಾಗಲೂ ನಡೆದೇ ಹೋದವರು. ಯಾರೂ ಏನೂ ಕೇಳಲಿಲ್ಲ. ಅವರು ಬಾಗಿಲಿಗೆ ಬಂದು ಬಾಯಿ ತೆರೆಯುವ ಮೊದಲೇ ಇಪ್ಪತ್ತಮೂರು ಜನ ಎದ್ದುಬಿಟ್ಟಿದ್ದರು. ಹನ್ನೊಂದು ವರ್ಷದ ವರದಿಗಳಿಂದ ಆಗದ ಕೆಲಸ ಒಂದೇ ಓಟಕ್ಕೆ ಆಯಿತು.

ಹೊರಗೆ ಬಂದು ನಿಂತದ್ದೇನೋ ಸರಿ, ಗೋಡೆ ಬೀಳಬೇಕಲ್ಲ? ಬೀಳಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಬಿಸಿಲಿಗೆ ತಲೆ ಕಾದಂತೆ ಜನರ ನಾಲಿಗೆಯೂ ಸಡಿಲವಾಯಿತು. "ಕ್ರಮೇಣಪ್ಪನವರೇ, ಬೀಳೋದೂ ಕ್ರಮೇಣಾನಾ?" ಎಂದು ಗುಮಾಸ್ತ ಕಿಚಾಯಿಸಿದ. ಎರಡು ಗಂಟೆಗೆ ಸಾಹೇಬರ ಸಹನೆ ಮುಗಿಯಿತು. "ಸಾಕು ನಾಟಕ. ಎಲ್ಲರೂ ಒಳಗೆ ನಡೀರಿ!"

ಭಾವ ಬಾಗಿಲಿಗೆ ಅಡ್ಡ ನಿಂತು ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ದಾರಿ ಬಿಡ್ರೀ," ಎಂದರು ಸಾಹೇಬರು.

"ಬಿಡಲ್ಲ ಸರ್."

"ನಿಮ್ಮನ್ನ ಸಸ್ಪೆಂಡ್ ಮಾಡ್ತೀನಿ."

"ಮಾಡಿ ಸರ್. ಆರ್ಡರು ಹೊರಗೆ ಕೂತೇ ಬರೀಬೇಕಾಗುತ್ತೆ."

ನನಗೆ ಅವರ ಮೇಲೆ ಅಷ್ಟು ಅಭಿಮಾನ ಹಿಂದೆಂದೂ ಬಂದಿರಲಿಲ್ಲ. ಅಷ್ಟೇ ಭಯವೂ ಆಯಿತು, ಏಕೆಂದರೆ ಆ ಕಟ್ಟಡಕ್ಕೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಅವರೇ. ಹೋಗಿ ಅಂಗಿ ಹಿಡಿದು ಎಳೆದೆ. ಬರಲಿಲ್ಲ. ನಾನೂ ಅವರ ಪಕ್ಕ ನಿಂತೆ. ನನ್ನನ್ನು ನೋಡಿ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಒಳಗಿನಿಂದ ಪಟ್ ಎಂದು ಸದ್ದು ಬಂತು. ಉಳಿದಿದ್ದ ಇನ್ನೊಂದು ಗಾಜು. ಭಾವ ನನ್ನ ರಟ್ಟೆ ಹಿಡಿದು ಎರಡನೇ ಸಲ ಓಡಿದರು. ನಾವು ರಸ್ತೆ ದಾಟುವಷ್ಟರಲ್ಲಿ ಮೇಲಿನ ಮಹಡಿ ಕೆಳಗಿಳಿದು ನನ್ನ ಮೇಜಿನ ಮೇಲೆ ಕೂತಿತು.

ಸತ್ತವರಿಲ್ಲ. ಸಾಹೇಬರ ಹೊಸ ಸ್ಕೂಟರು ಮಾತ್ರ ಹೋಯಿತು.

ಮಾರನೇ ದಿನ ಪಕ್ಕದ ಕಚೇರಿಯಲ್ಲಿ ಎರವಲು ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ಸಾಹೇಬರು ಘಟನೆಯ ವರದಿ ಹೇಳತೊಡಗಿದರು. "ಬರಿ. 'ಕಟ್ಟಡವು ನಿನ್ನೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಕುಸಿದಿದೆ.'"

ಕೀಲಿಮಣೆಯಿಂದ ಕೈ ತೆಗೆದೆ. ಸಿಟ್ಟು ನೆತ್ತಿಗೇರಿತು. "ಇದ್ದಕ್ಕಿದ್ದಂತೆ ಅಂತ ನಾನು ಟೈಪ್ ಹೊಡೆಯಲ್ಲ ಸರ್."

"ಹಾಗಾದ್ರೆ ಸೋಮವಾರದ ವರದೀಲಿ ಪದ ಬದಲಾಯಿಸಿದ್ದು ಯಾರು ಅಂತ ಬರೆಯೋಣ್ವಾ? ಟೈಪಿಸ್ಟ್ ತಪ್ಪು ಅಂತ?" ಎಂದು ತಣ್ಣಗೆ ಕೇಳಿದರು.

ಬದಲಾಯಿಸಿದ್ದು ನಾನೇ ತಾನೇ? ವರದಿಗೆ ಸಹಿ ಹಾಕಲೆಂದು ಬಂದು ನಿಂತಿದ್ದ ಭಾವ ಆಗ ಡೈರಿ ತೆಗೆದು, ಕೊನೆಯ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಆ ಪಟ್ಟಿ ನೋಡಿದ್ದು ಆಗಲೇ.

"ಪದ ಬದಲಾಯಿಸಿದ್ದು ಅವಳು, ಬದಲಾಯಿಸು ಅಂದದ್ದು ನೀವು," ಎಂದರು. "ಅದರ ಅರ್ಥ ಇಲ್ಲಿ ಬಚ್ಚಿಟ್ಟುಕೊಂಡಿದ್ದು ನಾನು. ಕಟ್ಟಡ ಬೀಳುತ್ತೆ ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲನೂ ನೇರವಾಗಿ ಬರೀಲಿಲ್ಲ, ಸರ್. ಮೂರೂ ಜನರ ಹೆಸರು ಹಾಕೋಣ."

"ಮತ್ತೆ ಕುಸಿದಿದ್ದು ಹೆಂಗೆ ಅಂತ ಬರೆಯೋದ್ರೀ? ಏನಾದ್ರೂ ಒಂದು ಪದ ಬೇಕಲ್ಲ!"

ಭಾವ ಎಂದಿನಂತೆ ಬಹಳ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹೊಡೆಯಮ್ಮ," ಎಂದರು. "'ಕಟ್ಟಡವು ಹನ್ನೊಂದು ವರ್ಷ ಕುಸಿಯಿತು.'"

ಹೊಡೆದೆ. ಗಟ್ಟಿಯಾಗಿ ಓದಿ ಹೇಳಿದೆ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಏನಾದರೂ ಬದಲಾಯಿಸಬೇಕೇ ಎಂದು ಕೇಳಿದೆ, ಯಾರೂ ಬೇಕೆನ್ನಲಿಲ್ಲ. ಅದರ ಕೆಳಗೆ ಮೂರು ಹೆಸರು ಹೊಡೆದೆ. ಮೊದಲನೆಯದು ನನ್ನದು.